ಕೌದಿಯ ಮೂಲೆಗೊಂದು ರೊಟ್ಟಿ

ಗಂಡಸು ಅಡುಗೆಮನೆ ಹೊಕ್ಕ ಮನೆಯಲ್ಲಿ ಸಾಸಿವೆಗಿಂತ ಮೊದಲು ಸುದ್ದಿ ಸಿಡಿಯುತ್ತದೆ. ನರಗುಂದದ ನಮ್ಮ ಮನೆಯಲ್ಲಿ ಒಂದೂವರೆ ವರ್ಷದಿಂದ ಹೀಗೇ ನಡೆದಿದೆ. ನಾನು ರೋಣದ ಕಚೇರಿಯೊಂದರಲ್ಲಿ ಗುಮಾಸ್ತ. ಮಾತು ಕಡಿಮೆ. ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಓದಿದ್ದೇ ನನ್ನ ಆಸ್ತಿ. ಐವತ್ತು ದಾಟಿದ ಮೇಲೆ ಜೋಳದ ರೊಟ್ಟಿ ಬಡಿಯಲು ಕಲಿತೆ.

ಇದಕ್ಕೆ ಕಾರಣ ನನ್ನ ಅತ್ತೆ. ಗಜೇಂದ್ರಗಡದಿಂದ ಹಳೆಯ ಸೀರೆಗಳ ಗಂಟು ತಂದು ನಮ್ಮ ಪಡಸಾಲೆಯಲ್ಲಿ ಕೂತು ಕೌದಿ ಹೊಲಿಯುವುದು ಅವರ ಹವ್ಯಾಸ. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ತುಣುಕು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ನಮ್ಮ ಮಗಳು ಬಸುರಿ ಎಂಬ ಸುದ್ದಿ ಬಂದ ವಾರವೇ ಅತ್ತೆ ಮರಿಮೊಮ್ಮಗುವಿನ ಕೌದಿಗೆ ಸೀರೆ ಹಾಸಿದರು. "ಕಣ್ಣು ಕಾಣವಲ್ವು. ಇದ ನನ್ನ ಕಡೀ ಕೌದಿ" ಎಂದರು. ಆ ಮೂಲೆಯಲ್ಲಿ ನನ್ನ ಕೈಯ ರೊಟ್ಟಿ ಇರಬೇಕು ಎಂದು ನನಗೆ ಆಸೆಯಾಯಿತು. ಹೆಂಡತಿಗೆ ಹೇಳಿದೆ.

ಅತ್ತೆ ಅಳಿಯನ ಜೊತೆ ನೇರವಾಗಿ ಮಾತಾಡುವವರಲ್ಲ. ಇಪ್ಪತ್ತೆಂಟು ವರ್ಷದಿಂದ ನಾನು ಎದುರಿಗೇ ಕೂತಿದ್ದರೂ ಹೇಳುವುದನ್ನೆಲ್ಲ ಮಗಳಿಗೆ ಹೇಳುತ್ತಾರೆ. ಅಂದೂ ಮಗಳ ಕಡೆ ತಿರುಗಿ, "ಅಳಿಯಾರಿಗೆ ಹೇಳವಾ, ಮೂಲಿಗೆ ರೊಟ್ಟಿ ಇಡಾಕ ಮೊದ್ಲ ರೊಟ್ಟಿ ಆಗಬೇಕು" ಎಂದರು.

ಹೊಸ ಕೈ

ನಮ್ಮ ಓಣಿಯಲ್ಲಿ ಬೆಳಿಗ್ಗೆ ಎಲ್ಲ ಮನೆಗಳಲ್ಲೂ ರೊಟ್ಟಿ ಬಡಿಯುವ ಸಪ್ಪಳ. ಆ ಸಪ್ಪಳದ ಮೇಲೇ ಹೆಂಗಸರು ಯಾರ ಕೈ ಎಂದು ಹೇಳಬಲ್ಲರು. ಸೊಸೆ ತವರಿಗೆ ಹೋದದ್ದು, ಅತ್ತೆಯ ರಟ್ಟೆ ಹಿಡಿದದ್ದು, ಗಂಡನ ಮೇಲೆ ಸಿಟ್ಟಿರುವುದು, ಎಲ್ಲ ಗೋಡೆ ದಾಟಿ ಬರುತ್ತದೆ. ನಾನು ಬಾಗಿಲು ಮುಚ್ಚಿಕೊಂಡು ಬಡಿಯುತ್ತಿದ್ದೆ. ಗೋಡೆಗೆ ಬಾಗಿಲಿನ ಲೆಕ್ಕವಿಲ್ಲ. ನಾಲ್ಕನೆಯ ದಿನ ಪಕ್ಕದ ಮನೆಯ ಕಾಕು ಹಿತ್ತಲಿನಲ್ಲಿ ನನ್ನ ಹೆಂಡತಿಯನ್ನು ತಡೆದು ನಿಲ್ಲಿಸಿದರು.

"ನಿಮ್ಮನ್ಯಾಗ ಯಾರ ಬಂದಾರವಾ? ಕೈ ಹೊಸಾದು ಕೇಳಸ್ತೈತಿ."

ಗಂಡನ ಕೈ ಎನ್ನಲು ಇವಳಿಗೆ ನಾಚಿಕೆ. "ಹೌದ್ರಿ, ಊರಿಂದ ಬಂದಾರ" ಎಂದಳು.

"ಕನ್ಯಾ ಏನು?"

ಇವಳು ನಗು ನುಂಗಿ "ಹೂನ್ರಿ" ಎಂದಳು.

ಕಾಕು ಇನ್ನೊಂದು ರೊಟ್ಟಿ ಮುಗಿಯುವ ತನಕ ಕಿವಿಗೊಟ್ಟು ನಿಂತರಂತೆ. ಆಮೇಲೆ ದನಿ ತಗ್ಗಿಸಿ, "ವರಾ ನೋಡಾಕ ಅವಸರ ಮಾಡಬ್ಯಾಡ್ರಿ. ಇನ್ನೊಂದ ವರ್ಷ ಮನ್ಯಾಗ ಇಟಗೊಳ್ರಿ" ಎಂದರು.

ಕಾಳೋ ಕೈಯೋ

ಕಚೇರಿಯಲ್ಲಿ ಮಧ್ಯಾಹ್ನ ನಾಲ್ಕೈದು ಜನ ಬುತ್ತಿ ಬಿಚ್ಚಿ ಹಂಚಿಕೊಂಡು ಉಣ್ಣುತ್ತೇವೆ. ನಮ್ಮಲ್ಲಿ ಬೆಳವಣಕಿಯವರೊಬ್ಬರು ಸ್ವಂತ ಹೊಲದ ಜೋಳ ಉಂಡು ಬೆಳೆದವರು. ರೊಟ್ಟಿಯ ವಿಷಯದಲ್ಲಿ ಅವರದೇ ಕೊನೆಯ ಮಾತು. ಮೂರು ತಿಂಗಳು ಅಭ್ಯಾಸವಾದ ಮೇಲೆ ಅವರ ಮುಂದೆ ನನ್ನ ಎರಡು ರೊಟ್ಟಿ ಇಟ್ಟೆ. ಅವರು ಶೇಂಗಾ ಚಟ್ನಿ ಹಚ್ಚಿಕೊಂಡು ಬಹಳ ಹೊತ್ತು ಅಗಿದರು. ಉಳಿದವರು ಕೈ ತೊಳೆದು ಬಂದರು. ಅವರು ಅಗಿಯುತ್ತಲೇ ಇದ್ದರು.

"ಚಟ್ನಿ ಭಾಳ ಚಲೋ ಆಗೈತ್ರಿ" ಎಂದರು ಕೊನೆಗೆ.

"ಚಟ್ನಿ ಮನಿಯಾಕಿ ಮಾಡಿದ್ದು. ರೊಟ್ಟಿ ನಂದು."

"ಗೊತ್ತಾತ್ರಿ. ಅದಕ್ಕ ಚಟ್ನಿ ಸುದ್ದಿ ತಗದ್ನಿ."

ಆದರೆ ಒಳ್ಳೆಯ ಮನುಷ್ಯ. ಮರುವಾರ ತಮ್ಮ ಹೊಲದ ಅರ್ಧ ಚೀಲ ಜೋಳ ತಂದುಕೊಟ್ಟರು. ತಪ್ಪು ಕಾಳಿನದೋ ಕೈಯದೋ ಒಮ್ಮೆ ತಿಳಿದುಬಿಡಲಿ ಎಂದರು. ನಾನು ಅಂದೇ ಗಿರಣಿಗೆ ಹೋಗಿ ಬೀಸಿಸಿ, ಮರುದಿನ ಹೊಸ ಹಿಟ್ಟಿನ ರೊಟ್ಟಿ ಒಯ್ದೆ.

ಒಂದು ತುತ್ತು ತಿಂದು ತಲೆಯಾಡಿಸಿದರು. "ಕಾಳಿಂದ ಏನೂ ತಪ್ಪಿಲ್ರಿ."

ಏಳದ ಯಜಮಾನ

ಕೌದಿಯ ಕೆಲಸದಲ್ಲಿ ಸೂಜಿಗೆ ದಾರ ಪೋಣಿಸುವುದಷ್ಟೇ ನನ್ನ ಪಾಲಿಗೆ ಬಂದಿತ್ತು. ಒಂದು ಭಾನುವಾರ ತಾಯಿ ಮಗಳು ಸಂತೆಗೆ ಹೋದರು. ನಾನು ಕೌದಿಯ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು ಒಂದಿಡೀ ಸಾಲು ಹೊಲಿದೆ. ಓದುವುದಕ್ಕಿಂತ ಹಿತವಾದ ಕೆಲಸ ಇನ್ನೊಂದಿದೆ ಎಂದು ಅಂದು ಗೊತ್ತಾಯಿತು.

ಅಷ್ಟರಲ್ಲಿ ಎದುರುಮನೆಯ ಸಾಹುಕಾರರು ಬಾಗಿಲಿಗೆ ಬಂದರು. ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡುವ ಹಿರಿಯರು. ಅವರನ್ನು ಕಂಡು ಎದ್ದು ನಿಲ್ಲದವರು ಓಣಿಯಲ್ಲಿ ಇಲ್ಲ. ನಾನೂ ಏಳಹೋದೆ. ಕೌದಿಯೂ ನನ್ನ ಜೊತೆ ಎದ್ದಿತು. ಲುಂಗಿಯನ್ನು ಸೇರಿಸಿಯೇ ಹೊಲಿದಿದ್ದೆ. ತಟ್ಟನೆ ಕೂತೆ.

"ಬರ್ರಿ ಸಾವಕಾರ್ರ, ಕುಂದರ್ರಿ."

ನೀರು ಕೊಡಲು ಏಳಲಿಲ್ಲ. ಅವರು ಹೊರಟಾಗ ಬಾಗಿಲ ತನಕ ಹೋಗಲು ಕೂಡ ಏಳಲಿಲ್ಲ. ಓಣಿಯ ತುದಿಯಲ್ಲಿ ನನ್ನ ಹೆಂಡತಿ ಎದುರಾದಾಗ ಸಾಹುಕಾರರು ಕೇಳಿದರಂತೆ, "ಯಜಮಾನ್ರಿಗೆ ಬಡ್ತಿ ಆಗೇತೇನವಾ?"

ಅತ್ತೆ ಕತ್ತರಿ ಹಿಡಿದು ನನ್ನನ್ನು ಕೌದಿಯಿಂದ ಬಿಡಿಸಿದರು. ಹೊಲಿಗೆಯ ಮೇಲೆ ಬೆರಳಾಡಿಸಿ ಮಗಳಿಗೆ ಹೇಳಿದರು, "ಅಳಿಯಾರಿಗೆ ಹೇಳು. ಇಡೀ ಸಾಲಿನಾಗ ಲುಂಗಿ ಕೂಡಿದ್ದಷ್ಟ ನೆಟ್ಟಗ ಬಂದೈತಿ."

ಉಳಿದ ಸಾಲನ್ನು ಮಾತ್ರ ಅವರು ಬಿಚ್ಚಲಿಲ್ಲ. ಮನೆಗೆ ಬಂದವರಿಗೆಲ್ಲ ನಾನು ಅದನ್ನು ತೋರಿಸಿದ್ದೇನೆ.

ಕೊನೆಯ ಮೂಲೆ

ಮಗಳಿಗೆ ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಕೌದಿಯಲ್ಲಿ ಒಂದೇ ಒಂದು ಮೂಲೆ ಬಾಕಿ ಇತ್ತು. ಅತ್ತೆಯ ಮುಂದೆ ಪರಾತದಲ್ಲಿ ಮೂರು ಖಡಕ್ ರೊಟ್ಟಿ: ಹೆಂಡತಿಯದು, ಪಕ್ಕದ ಕಾಕು ಪ್ರೀತಿಯಿಂದ ಕಳಿಸಿದ್ದು, ನನ್ನದು. ನಾನು ಕಂಬಕ್ಕೆ ಒರಗಿ ಪುಸ್ತಕ ಹಿಡಿದು ಕೂತಿದ್ದೆ. ಪುಟ ತಿರುವಲಿಲ್ಲ.

ಅತ್ತೆ ಮೊದಲು ತಮ್ಮ ಮಗಳ ರೊಟ್ಟಿಯನ್ನು ಒತ್ತಿ ನೋಡಿದರು. ಅದು ಬಾಗಿತು. "ಇನ್ನೂ ಹಸಿ ಐತಿ. ಬೂಸಲ ಹಿಡೀತೈತಿ" ಎಂದು ಬದಿಗಿಟ್ಟರು. ಕಾಕುವಿನ ರೊಟ್ಟಿ ಹಾಳೆಯಷ್ಟು ತೆಳ್ಳಗಿತ್ತು. ಬೆರಳಿಗೆ ಪುಡಿಯಾಯಿತು. "ಇದು ಇರವಿ ಪಾಲು" ಎಂದರು.

ನನ್ನ ರೊಟ್ಟಿ ಕೈಗೆತ್ತಿಕೊಂಡರು. ಮುರಿಯಲು ನೋಡಿದರು. ಎರಡೂ ಕೈ ಹಚ್ಚಿದರು. ಮೊಣಕಾಲಿಗೆ ಒತ್ತಿದರು. ಕತ್ತರಿ ಹಚ್ಚಿದರು, ಜಾರಿತು.

"ಯವ್ವಾ, ಎಲಿ ಅಡಕಿ ಚೀಲದಾಗ ಅಡಕೊತ್ತು ಐತಿ, ತಾ" ಎಂದರು ಮಗಳಿಗೆ.

ಅಡಕತ್ತರಿಯಲ್ಲಿ ಕಟ್ ಎಂದು ಸಪ್ಪಳವಾಯಿತು. ಒಂದು ತುಣುಕು ಕೈಗೆ ಬಂತು. ಅದನ್ನು ನೆಲಕ್ಕೆ ಒಮ್ಮೆ ಕುಟ್ಟಿ ನೋಡಿದರು. ಏನೂ ಆಗಲಿಲ್ಲ. ಮೂಲೆಯೊಳಗೆ ಇಟ್ಟು, ಸೀರೆಯ ಅಂಚು ಮಡಚಿ ಹೊಲಿಯತೊಡಗಿದರು. ನಾನು ಪುಸ್ತಕ ಕೆಳಗಿಟ್ಟೆ.

ದಾರ ಕಡಿದ ಮೇಲೆ ಅತ್ತೆ ತಲೆಯ ಸೆರಗು ಸರಿಮಾಡಿಕೊಂಡು, ಮಗಳ ಕಡೆ ಅಲ್ಲ, ನನ್ನ ಕಡೆಗೇ ತಿರುಗಿದರು.

"ಅರವತ್ತು ವರ್ಷ ಕೌದಿ ಹೊಲದೀನ್ರಿ ಅಳಿಯಾರ. ಬಟ್ಟಿಕಿಂತ ಗಟ್ಟಿ ರೊಟ್ಟಿ ಇವತ್ತ ಕಂಡ್ನಿ. ಈ ಕೌದಿ ಹರದು ಹ್ವಾದ್ರೂ ಇದು ಇರತೈತಿ. ತಗದು ಮುಂದಿನ ಕೌದಿಗೆ ಇಡಾಕ ಬರತೈತ್ರಿ."

"ಹೌದ್ರಿ" ಎಂದೆ. ಇಪ್ಪತ್ತೆಂಟು ವರ್ಷದ ಮೇಲೆ ನಮ್ಮಿಬ್ಬರ ನಡುವೆ ನಡೆದ ಮೊದಲ ಮಾತುಕತೆ ಇದು, ಅದೂ ನನ್ನ ರೊಟ್ಟಿಯ ಬಗ್ಗೆ.

ಮೊನ್ನೆ ಮಗಳು ಫೋನ್ ಮಾಡಿದ್ದಳು. "ಅಪ್ಪಾ, ಕೂಸಿಗೆ ಹಲ್ಲು ಬರಾಕತ್ತಾವ. ಗಜ್ಜರಿ ಕೊಟ್ಟೆ, ಬೆಳ್ಳಿ ಬಳಿ ಕೊಟ್ಟೆ, ಏನ ಕೊಟ್ರೂ ಒಗೀತೈತಿ. ಕೌದಿದ ಆ ಗಟ್ಟಿ ಮೂಲಿ ಒಂದ ಬಾಯಾಗ ಹಿಡಕೊಂಡು ಕಡ್ಯಾಕತ್ತೈತಿ. ಬಿಡಿಸಿದ್ರ ಅಳತೈತಿ."

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಬೆಳವಣಕಿಯವರಿಗೆ ಹೇಳಿಯೇ ಬಿಟ್ಟೆ. "ನನ್ನ ರೊಟ್ಟಿ ಬೇಕಂತ ಅಳೋರು ಸಿಕ್ಕಾರ್ರಿ."

ಅವರು ಕೈ ತಡೆದು ನನ್ನ ಮುಖ ನೋಡಿದರು. "ಹೌದೇನ್ರಿ? ಅವರಿಗೆ ಹಲ್ಲು ಎಷ್ಟ ಉಳದಾವ?"

"ಇನ್ನೂ ಬರಾಕತ್ತಾವ್ರಿ" ಎಂದೆ.

"ಪಾಪ" ಎಂದರು ಅವರು. "ಲಗೂನ ಚಟ್ನಿ ಕಳಸ್ರಿ."