ನಡುಗಡ್ಡೆಗೆ ಹೊರಡುವ ಮೊದಲು

ನಾನು ನೆಟ್ಟಗೆ ಮಾಡಹೋದ ಕೆಲಸವೇ ಹೆಚ್ಚು ಸೊಟ್ಟಗಾಗುತ್ತದೆ. ಒಂದು ಸಲ ಆದರೆ ಗ್ರಹಚಾರ ಅನ್ನಬಹುದು. ದಿನಾ ಆದರೆ ಅದು ನನ್ನ ಸ್ವಭಾವ.

ನಾನು ಗದಗಿನ ಕಡೆಯವನು. ಸಾಲಿ ನಾಲ್ಕನೇ ಇಯತ್ತೆಗೆ ಬಿಟ್ಟೆ. ಹ್ಯಾಂಬರ್ಗಿನ ಒಂದು ಇಂಡಿಯನ್ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಅಡಿಗೆ ಮಾಡಿದೆ. ಮಾತು ಕಡಿಮೆ. ಜರ್ಮನ್ ಇನ್ನೂ ಕಡಿಮೆ. ಒಂದು ವಾಕ್ಯ ಜೋಡಿಸಲು ನನಗೆ ಒಂದು ಪಲ್ಯ ಬೇಯುವಷ್ಟು ಹೊತ್ತು ಬೇಕು.

ನಮ್ಮಾಕಿಗೆ ನಡುಗಡ್ಡೆ ನೋಡುವ ಆಸೆ ಇತ್ತು. ಈ ದೇಶದ ಉತ್ತರದ ಕಡಲಿನಲ್ಲಿ ಸಾಲಾಗಿ ಸಣ್ಣ ಸಣ್ಣ ನಡುಗಡ್ಡೆಗಳಿವೆ. ಪ್ರತಿ ಬೇಸಿಗೆಗೆ ಕೇಳುತ್ತಿದ್ದಳು. "ಈ ವರ್ಷ ಹೋಗೂಣೇನ್ರಿ?" ಬೇಸಿಗೆಯಲ್ಲೇ ಹೋಟೆಲಿಗೆ ಗಿರಾಕಿ ಜಾಸ್ತಿ. "ಮುಂದಿನ ವರ್ಷ ನೋಡೂಣು" ಅನ್ನುತ್ತಿದ್ದೆ. ಹೋದ ವರ್ಷ ನಾನು ಕೆಲಸ ಬಿಟ್ಟೆ. ಅದಕ್ಕೂ ನಾಲ್ಕು ತಿಂಗಳು ಮೊದಲೇ ಅವಳು ತೀರಿಕೊಂಡಿದ್ದಳು.

ಈ ಬೇಸಿಗೆಗೆ ಮಗಳು ಹತ್ತು ದಿನದ ಯೋಜನೆ ಹಾಕಿದಳು. ಮೂರು ನಡುಗಡ್ಡೆ. ನೋಡುವುದು, ತಿನ್ನುವುದು, ಅಷ್ಟೇ. ಮೊಮ್ಮಗಳು ನನ್ನ ಫ್ರಿಜ್ಜಿನ ಬಾಗಿಲಿಗೆ ನಕ್ಷೆ ಅಂಟಿಸಿ ಯಾವ ನಡುಗಡ್ಡೆಯಲ್ಲಿ ಏನು ತಿನ್ನಬೇಕು ಅಂತ ಬಣ್ಣದ ಪೆನ್ಸಿಲಿನಲ್ಲಿ ಬರೆದಳು. ನಾರ್ಡರ್ನೈಗೆ ಅವರಿಗೆಲ್ಲ ಮೀನಿನ ಬನ್ನು. ಯೂಯಿಸ್ಟಿಗೆ ದ್ರಾಕ್ಷಿ ಹಾಕಿದ ಬ್ರೆಡ್ಡು, ಬೆಣ್ಣೆ. ಲಾಂಗೆಓಗ್‌ಗೆ ಕೆಂಪು ಹಣ್ಣಿನ ಗಂಜಿಯಂಥದ್ದು. ಅದು ನನಗೆ, ನಾನು ಮೀನು ತಿನ್ನುವುದಿಲ್ಲ.

ಮಗಳು ಹೇಳಿದಳು, "ಅಪ್ಪಾ, ಅವ್ವಗ ಇಪ್ಪತ್ತು ವರ್ಷ ಮುಂದಿನ ವರ್ಷ ಅಂದಿ. ಈ ಸಲ ನೀ ಬ್ಯಾಡ ಅಂದ್ರ ನಾ ಮತ್ತ ಕೇಳಂಗಿಲ್ಲ."

ಬರತೀನಿ ಅಂದೆ. ಈ ಸಲ ತಪ್ಪಬಾರದು ಅಂತ ಮನಸ್ಸು ಗಟ್ಟಿ ಮಾಡಿದೆ. ನಾನು ಮನಸ್ಸು ಗಟ್ಟಿ ಮಾಡಿದರೆ ಏನಾಗುತ್ತದೆ ಅನ್ನುವುದು ಮುಂದಿದೆ.

ರೊಟ್ಟಿ

ಪ್ರವಾಸ ಅಂದರೆ ಬುತ್ತಿ ಬೇಕು. ನಮ್ಮಾಕಿ ಇದ್ದಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇಲ್ಲದೆ ನಾವು ಆಸ್ಪತ್ರೆಗೂ ಹೋದವರಲ್ಲ. ಹೋಟೆಲಿನಲ್ಲಿ ದಿನಕ್ಕೆ ಇನ್ನೂರು ನಾನ್ ತಟ್ಟಿದ ಕೈ ನನ್ನದು. ಜೋಳದ ರೊಟ್ಟಿ ಏನು ಮಹಾ ಅಂದುಕೊಂಡೆ. ಒಂದು ರವಿವಾರ ಮಧ್ಯಾಹ್ನ ಮಗಳು ಮೊಮ್ಮಗಳು ಬಂದಿದ್ದಾಗ ಹಿಟ್ಟು ನಾದಿ ಕೂತೆ.

ಒಂದೂ ದುಂಡಗೆ ಬರಲಿಲ್ಲ. ಮೊಮ್ಮಗಳು ಒಂದೊಂದೇ ರೊಟ್ಟಿಯನ್ನು ನಕ್ಷೆಯ ಪಕ್ಕ ಹಿಡಿದು ನೋಡಿದಳು. ಉದ್ದಕ್ಕೆ ಬಂದದ್ದಕ್ಕೆ "ಯೂಯಿಸ್ಟ್!" ಅಂದಳು. ಒಂದು ಮೂಲೆ ಹರಿದದ್ದಕ್ಕೆ "ನಾರ್ಡರ್ನೈ!" ಅಂದಳು. ಎಂಟನೇ ರೊಟ್ಟಿಗೆ ನಕ್ಷೆಯಲ್ಲಿ ನಡುಗಡ್ಡೆಗಳೇ ಮುಗಿದವು.

ಅಷ್ಟರಲ್ಲಿ ಬಾಗಿಲು ಬಡಿದರು. ಎದುರುಮನೆಯವರು, ಜರ್ಮನ್ ಹೆಣ್ಣುಮಗಳು. ಒಬ್ಬರೇ ಇರುತ್ತಾರೆ, ಗಂಡ ತೀರಿ ಬಹಳ ವರ್ಷವಾಯಿತು. ನನಗಿಂತ ಏಳೆಂಟು ವರ್ಷ ದೊಡ್ಡವರು. ನಮ್ಮಾಕಿ ಅವರನ್ನು ಅಕ್ಕಾ ಅನ್ನುತ್ತಿದ್ದಳು, ನಾನೂ ಹಾಗೇ ಕರೆಯುತ್ತೇನೆ.

"ಇವತ್ತು ರವಿವಾರ. ಏನು ಬಡಿಯುತ್ತಿದ್ದೀರಿ?" ಅಂದರು.

ಇಲ್ಲಿ ರವಿವಾರ ಸದ್ದು ಮಾಡುವಂತಿಲ್ಲ. ಮೊಳೆ ಹೊಡೆಯುವಂತಿಲ್ಲ, ಡ್ರಿಲ್ ಹಿಡಿಯುವಂತಿಲ್ಲ. ರೊಟ್ಟಿ ಬಡಿಯುವುದು ಯಾವ ಲೆಕ್ಕದಲ್ಲಿ ಬರುತ್ತದೋ ನನಗೆ ಗೊತ್ತಿರಲಿಲ್ಲ. ರೊಟ್ಟಿ ತೋರಿಸಿದೆ. ಮಗಳು ಅವರಿಗೆ ಎಲ್ಲ ಬಿಡಿಸಿ ಹೇಳಿದಳು.

"ಅಂದರೆ ನೀವು ತಿನ್ನುವುದಕ್ಕೆ ಪ್ರವಾಸ ಹೋಗುತ್ತಿದ್ದೀರಿ. ಅದಕ್ಕೆ ಇಲ್ಲಿಂದ ತಿನ್ನುವುದು ಒಯ್ಯುತ್ತಿದ್ದೀರಿ?"

ನಾನು ಹೇಳಿದೆ, "ಅಲ್ಲಿಯ ಊಟ ಚಲೋ ಇರಲಿಲ್ಲ ಅಂದರೆ?"

"ಚೆನ್ನಾಗಿದ್ದರೆ?"

"ವಾಪಸ್ ತರತೀವಿ."

ಅಕ್ಕ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು. "ಒಯ್ಯಿರಿ," ಅಂದರು. "ಹಡಗು ತೂತಾದರೆ ಮುಚ್ಚಲು ಬರುತ್ತದೆ."

ಚಹಾ

ಅಕ್ಕ ಹುಟ್ಟಿದ್ದು ಯೂಯಿಸ್ಟಿನಲ್ಲಂತೆ. ಇಷ್ಟು ವರ್ಷ ಎದುರುಬದುರು ಇದ್ದೂ ನನಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಅವರ ಬಾಗಿಲಿನ ಬಣ್ಣ ಮಾತ್ರ. "ನಮ್ಮ ಕಡೆಯ ಚಹಾ ಕುಡಿದು ರೂಢಿ ಮಾಡಿಕೊಂಡು ಹೋಗಿ" ಅಂತ ಕರೆದರು.

ಹೋದೆ. ಸಣ್ಣ ಬಟ್ಟಲು. ತಳಕ್ಕೆ ಕಲ್ಲುಸಕ್ಕರೆ, ಮೇಲೆ ಚಹಾ, ಅದರ ಮೇಲೆ ಒಂದು ಹನಿ ಕೆನೆ. ಚಮಚ ಕೊಡುತ್ತಾರೆ, ಆದರೆ ಕಲಕುವಂತಿಲ್ಲ. ಚಲೋ ಇತ್ತು. ಕುಡಿದು ಕೆಳಗಿಟ್ಟೆ. ಮತ್ತೆ ಹಾಕಿದರು. ಕುಡಿದೆ. ಮತ್ತೆ ಹಾಕಿದರು.

ಹಿರಿಯರು ಹಾಕಿದ್ದನ್ನು ಬಿಟ್ಟರೆ ಮರ್ಯಾದೆ ಅಲ್ಲ. ಬಟ್ಟಲು ಖಾಲಿ ಮಾಡುವುದು ನನ್ನ ಧರ್ಮ. ತುಂಬುವುದು ಅವರ ಧರ್ಮ. ಆರನೇ ಬಟ್ಟಲಿಗೆ ಬೆವರು ಬಂತು. ಒಂಬತ್ತಕ್ಕೆ ಅಕ್ಕ ಎದ್ದು ಇನ್ನೊಂದು ಕೆಟಲ್ ನೀರು ಇಟ್ಟರು. ಅವರ ಪಾಯಖಾನೆ ಎಲ್ಲಿದೆ ಅಂತ ಕೇಳಲು ನಾಚಿಕೆ. ಹೆಣ್ಣುಮಗಳ ಮನೆ. ಹನ್ನೊಂದಕ್ಕೆ, "ಮಗಳು ಫೋನ್ ಮಾಡತಾಳ" ಅಂತ ಸುಳ್ಳು ಹೇಳಿ ಓಡಿ ಬಂದೆ.

ಸಂಜೆ ಮಗಳು ಮೆಟ್ಟಿಲ ಹತ್ತಿರ ಅಕ್ಕನ ಜೊತೆ ಮಾತಾಡಿ ಬಂದು ಹೊಟ್ಟೆ ಹಿಡಿದು ನಕ್ಕಳು. "ಅಪ್ಪಾ, ಸಾಕಾತು ಅಂದ್ರ ಚಮಚ ಬಟ್ಟಲದಾಗ ಇಡಬೇಕ. ಅದು ಅವರ ಪದ್ಧತಿ. ಇಡೂತನಕಾ ಅವ್ರು ಹಾಕೂದ."

"ಅಕ್ಕ ಏನಂದ್ರು?"

"ಪಾಪ, ನಿಮ್ಮ ಅಪ್ಪನಿಗೆ ಎಷ್ಟು ಒಂಟಿತನ ಇರಬೇಕು ಅಂದ್ರು. ಎದ್ದು ಹೋಗಲಿಕ್ಕೆ ಮನಸ್ಸೇ ಇರಲಿಲ್ಲ ಅಂತ."

ಕಡಲು

ಹಡಗಿನಲ್ಲಿ ನನಗೆ ಹೊಟ್ಟೆ ತೊಳಸಿದರೆ ಏನು ಗತಿ ಅಂತ ಮಗಳಿಗೆ ಚಿಂತೆ. "ಮೊದಲ ಒಂದ್ಸಲ ಕಡಲ ನೋಡಿ ಬರ್ರಿ" ಅಂತ ಅಳಿಯಂದಿರ ಜೊತೆ ಒಂದು ಶನಿವಾರ ಕಳಿಸಿದಳು. ಅಳಿಯಂದಿರು ಇಂಜಿನಿಯರ್. ಎಲ್ಲವನ್ನೂ ಫೋನಿನಲ್ಲಿ ನೋಡಿಯೇ ನಂಬುವವರು.

ರೈಲು ನಲವತ್ತು ನಿಮಿಷ ತಡವಾಗಿ ಮುಟ್ಟಿತು. ಕಟ್ಟೆ ಹತ್ತಿ ನೋಡಿದೆ. ಕಡಲು ಇರಲಿಲ್ಲ.

ಕಣ್ಣು ಹಾಯುವಷ್ಟು ದೂರ ಕೆಸರು. ಎರಡು ದೋಣಿ ಕೆಸರಿನ ಮೇಲೆ ಎಮ್ಮೆ ಮಲಗಿದ ಹಾಗೆ ವಾಲಿಕೊಂಡಿದ್ದವು. ನಾಲ್ಕು ಜನ ಪ್ಯಾಂಟು ಮಡಚಿಕೊಂಡು ಗದ್ದೆಗೆ ಇಳಿದವರ ಹಾಗೆ ನಡೆದಿದ್ದರು.

ನಮ್ಮ ಕಡೆ ಕೆರೆ ಬತ್ತಿದರೆ ಹೀಗೇ ಕಾಣುತ್ತದೆ. ಕೇಳಿದೆ, "ಅಳಿಯಂದ್ರ, ಈ ವರ್ಷ ಮಳಿ ಕಡಿಮಿ ಆತೇನ? ಹಡಗ ಹೆಂಗ ಹೊಂಡತೈತಿ?"

"ಹಂಗಲ್ರಿ ಮಾವಾರ. ಇಳಿತ ಇದು. ನೀರ ಬರತೈತಿ." ಫೋನ್ ನೋಡಿದರು. "ಎರಡು ನಲವತ್ತಕ್ಕ."

ನೀರು ಬರುವ ಟೈಮು ಫೋನಿನಲ್ಲಿ ಇದೆ ಅಂದರೆ ನಾನು ನಂಬಲಿಲ್ಲ. ರೈಲಿನ ಟೈಮೂ ಅದರಲ್ಲೇ ಇತ್ತಲ್ಲ. ಬೆಂಚಿನ ಮೇಲೆ ಕೂತು ಕಾಯ್ದೆ. ಎರಡು ನಲವತ್ತಕ್ಕೆ ನೀರು ಬಂದು ಕಟ್ಟೆಯ ಕಲ್ಲು ಮುಟ್ಟಿತು ಅಂತ ಅಳಿಯಂದಿರ ಫೋನು ಹೇಳಿತು. ಆಗ ನಾವು ಬೆನ್ನು ಮಾಡಿ ಸ್ಟೇಷನ್ನಿಗೆ ಓಡುತ್ತಿದ್ದೆವು. ವಾಪಸ್ ರೈಲು ಎರಡು ಐವತ್ತಕ್ಕೆ. ಅದು ಮಾತ್ರ ಆವತ್ತು ಸರಿಯಾದ ಹೊತ್ತಿಗೆ ಹೊರಟಿತು.

ಇಪ್ಪತ್ತು ವರ್ಷ ನಮ್ಮಾಕಿಗೆ ಹೇಳಿದ್ದೆ. "ಅಲ್ಲಿ ಹೋಗಿ ಏನ ನೋಡ್ತಿ? ಬರೇ ನೀರ." ಕಡೆಗೆ ನಾನು ಹೋದೆ. ಅದೂ ಇರಲಿಲ್ಲ.

ಬ್ಯಾಗು

ಟಿಕೆಟ್ ತೆಗೆದದ್ದು ಶುಕ್ರವಾರಕ್ಕೆ. ಬುಧವಾರ ಕ್ಯಾಲೆಂಡರ್ ನೋಡಿದೆ. ಶುಕ್ರವಾರ ಪಶ್ಚಿಮಕ್ಕೆ ಶೂಲ. ಹ್ಯಾಂಬರ್ಗಿನಿಂದ ಆ ನಡುಗಡ್ಡೆಗಳು ಇರುವುದು ಪಶ್ಚಿಮಕ್ಕೆ. ಆ ದಿನ ಆ ದಿಕ್ಕಿಗೆ ಹೊರಡಬಾರದು ಅಂತ.

ಮಗಳಿಗೆ ಹೇಳಿದೆ. "ಅಪ್ಪಾ, ಮತ್ತ ಶುರು ಮಾಡಿದೇನು?" ಅಂದಳು. ನಾನು ಹೊರಡದೆ ಇರಲು ನೆವ ಹುಡುಕುತ್ತಿದ್ದೇನೆ ಅಂತ ಅವಳ ಮುಖದಲ್ಲೇ ಇತ್ತು.

ಇದಕ್ಕೆ ಉಪಾಯ ಇದೆ. ನಮ್ಮಾಕಿ ಮಾಡುತ್ತಿದ್ದಳು. ಪ್ರಸ್ಥಾನ ಇಡೋದು ಅನ್ನುತ್ತಾರೆ. ಒಳ್ಳೇ ದಿನ ನಮ್ಮ ಬ್ಯಾಗನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಬ್ಯಾಗು ಹೊರಟರೆ ನಾವೂ ಹೊರಟ ಹಾಗೆ. ಮರುದಿನ ಅಲ್ಲಿಂದ ಎತ್ತಿಕೊಂಡು ಹೋದರಾಯಿತು. ಊರಿಗೆ ಹೋಗುವಾಗೆಲ್ಲ ಮಾಡುತ್ತಿದ್ದಳು. ಎಲ್ಲಿ ಇಡುತ್ತಿದ್ದಳೋ ನಾನು ಕೇಳಿದವನಲ್ಲ. ನಾನು ಹೋಟೆಲಿನಲ್ಲಿರುತ್ತಿದ್ದೆ. ಹೊರಡುವ ಬೆಳಿಗ್ಗೆ ಬ್ಯಾಗು ಬಾಗಿಲಲ್ಲಿ ಇರುತ್ತಿತ್ತು, ಅಷ್ಟೇ.

ಗುರುವಾರ ಬೆಳಿಗ್ಗೆ ಬ್ಯಾಗು ಎತ್ತಿಕೊಂಡು ಮೆಟ್ಟಿಲ ಹತ್ತಿರ ನಿಂತೆ. ಪಶ್ಚಿಮಕ್ಕೆ ಇದ್ದದ್ದು ಅಕ್ಕನ ಬಾಗಿಲು ಒಂದೇ. ಬಡಿದೆ.

ರಾತ್ರಿಯೆಲ್ಲ ಜೋಡಿಸಿದ ಜರ್ಮನ್ ಹೇಳಿದೆ. "ನನ್ನ ಬ್ಯಾಗು ಇವತ್ತು ನಿಮ್ಮ ಮನೆಯಲ್ಲಿ. ನಾಳೆ ಏಳಕ್ಕೆ ನಾನು ಬರುತ್ತೇನೆ. ಆಮೇಲೆ ನಡುಗಡ್ಡೆ."

ಅಕ್ಕ ಬ್ಯಾಗು ನೋಡಿದರು. ನನ್ನನ್ನು ನೋಡಿದರು. ಅವರ ಕಣ್ಣು ಒದ್ದೆಯಾಯಿತು.

"ಇದನ್ನು ನಿಮ್ಮ ಹೆಂಡತಿ ಹೇಳಿಕೊಟ್ಟದ್ದೇ?"

"ಹೌದು."

ಬೇರೇನೂ ಕೇಳಲಿಲ್ಲ. ಬ್ಯಾಗು ತಗೊಂಡರು. ನೆಲಕ್ಕೆ ಇಡಲಿಲ್ಲ, ಕುರ್ಚಿಯ ಮೇಲೆ ಇಟ್ಟರು. "ನಾಳೆ ಏಳಕ್ಕೆ," ಅಂದು ಬಾಗಿಲು ಹಾಕಿಕೊಂಡರು. ಜರ್ಮನ್ ಮಾತಾಡಿ ಇಷ್ಟು ಸಲೀಸಾಗಿ ಕೆಲಸ ಆದದ್ದು ಇಪ್ಪತ್ತೆಂಟು ವರ್ಷದಲ್ಲಿ ಅದೇ ಮೊದಲು. ಅಲ್ಲೇ ನನಗೆ ಸಂಶಯ ಬರಬೇಕಿತ್ತು.

ಶುಕ್ರವಾರ ಏಳಕ್ಕೆ ಬಾಗಿಲು ಬಡಿದೆ. ಅಕ್ಕ ತೆಗೆದರು. ತಲೆಗೆ ಟೋಪಿ. ಮಳೆಕೋಟು. ಕಾಲಿಗೆ ಬೂಟು. ಕುರ್ಚಿಯ ಮೇಲೆ ನನ್ನ ಬ್ಯಾಗು, ಅದರ ಪಕ್ಕಕ್ಕೆ ಇನ್ನೊಂದು ಬ್ಯಾಗು.

"ಗಿಡಕ್ಕೆ ನೀರು ಹಾಕಿದ್ದೇನೆ. ಕೀಲಿ ಕೆಳಗಿನ ಮನೆಯಲ್ಲಿ ಕೊಟ್ಟಿದ್ದೇನೆ. ಟಿಕೆಟ್ಟೂ ತೆಗೆದೆ. ಹೊರಡೋಣ," ಅಂದರು.

ಹಿಂದಿನಿಂದ ಮಗಳು ಮೆಟ್ಟಿಲು ಹತ್ತಿ ಬಂದಳು. ಎರಡು ಬ್ಯಾಗು ನೋಡಿದಳು, ಅಕ್ಕನ ಟೋಪಿ ನೋಡಿದಳು. ಕನ್ನಡದಲ್ಲಿ ಕೇಳಿದಳು, "ಅಪ್ಪಾ, ಏನ ಮಾಡಿದಿ?"

"ಏನಿಲ್ಲವಾ. ಬರೇ ಬ್ಯಾಗ ಇಟ್ಟಿದ್ದೆ."

"ಎಪ್ಪಾ! ಈ ದೇಶದಾಗ ಗಂಡಸು ಹೆಂಗಸಿನ ಮನಿಯಾಗ ಬ್ಯಾಗ ಇಟ್ಟ ಅಂದ್ರ ಏನಂತ ತಿಳಕೋತಾರ ಗೊತ್ತೈತೇನು?"

ಗೊತ್ತಿರಲಿಲ್ಲ. ಆಗ ಗೊತ್ತಾಯಿತು. ಕಿವಿ ಬಿಸಿಯಾದವು. ಅರವತ್ತಾರು ವರ್ಷ. ಹೆಂಡತಿ ಹೋಗಿ ಇನ್ನೂ ಎರಡು ವರ್ಷ ತುಂಬಿಲ್ಲ.

"ನಾ ಹೇಳ್ಲೇನು?" ಮಗಳು ಕೇಳಿದಳು.

"ಬ್ಯಾಡ. ಅಕ್ಕಗ ಅವಮಾನ ಆಕ್ಕೈತಿ. ನಾನ ಹೇಳತೀನಿ, ನಾಜೂಕ."

ಹೇಳಲು ಮನಸ್ಸಿನಲ್ಲೇ ವಾಕ್ಯ ಜೋಡಿಸತೊಡಗಿದೆ. 'ಕ್ಷಮಿಸಿ' ಅನ್ನುವ ಹೊತ್ತಿಗೆ ಸ್ಟೇಷನ್ ಬಂತು. 'ನಮ್ಮ ಪದ್ಧತಿ' ಸಿಕ್ಕಾಗ ಬ್ರೇಮನ್‌ನಲ್ಲಿ ರೈಲು ಬದಲಾಯಿಸುತ್ತಿದ್ದೆವು. ಅಕ್ಕ ಮೊಮ್ಮಗಳ ಜೊತೆ ಇಸ್ಪೀಟು ಆಡಿದರು. ತನ್ನ ತಂಗಿಯ ಮಗಳು ಯೂಯಿಸ್ಟಿನಲ್ಲಿ ಇದ್ದಾಳೆ, ತಾನು ಅಲ್ಲೇ ಇಳಿಯುತ್ತೇನೆ ಅಂದರು. ಮಗಳು ನನ್ನನ್ನು ನೋಡಿ ನೋಡಿ ನಗುತ್ತಿದ್ದಳು. ಅಳಿಯಂದಿರು ಕಿಟಕಿಯ ಆಚೆ ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಆಚೆ ಬರೀ ಹುಲ್ಲಿತ್ತು.

ವಾಕ್ಯ ಪೂರ್ತಿಯಾಗುವಾಗ ಯೂಯಿಸ್ಟಿನ ಹಡಗು ದಂಡೆ ಬಿಟ್ಟಿತ್ತು. ಈ ಸಲ ನೀರೂ ಇತ್ತು. ಮೇಲೆ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತೆ. ಎದ್ದು ನಿಂತೆ. ಮತ್ತೆ ಕೂತೆ. ಹೇಳಿದೆ.

"ಕ್ಷಮಿಸಿ. ನಮ್ಮ ಪದ್ಧತಿ. ಬ್ಯಾಗು ಮಾತ್ರ ಇಡುವುದು. ಇಟ್ಟರೆ ಪ್ರಯಾಣ ಶುರು. ಬೇರೆ ಏನೂ ಇಲ್ಲ. ನೀವು ತಪ್ಪು ತಿಳಿಯಬೇಡಿ."

ಅಕ್ಕ ನನ್ನ ಮುಖ ನೋಡಿದರು.

"ನನಗೆ ಗೊತ್ತು," ಅಂದರು. "ಇಪ್ಪತ್ತು ವರ್ಷ ನಿಮ್ಮ ಹೆಂಡತಿ ಬ್ಯಾಗು ಇಟ್ಟದ್ದು ನಮ್ಮ ಮನೆಯಲ್ಲೇ. ಇಂಡಿಯಾಕ್ಕೆ ಹೋಗುವಾಗೆಲ್ಲ. ನೆಲಕ್ಕೆ ಇಡಬೇಡಿ ಅಂತ ಕೈಸನ್ನೆಯಲ್ಲೇ ಕಲಿಸಿದ್ದು ಅವರು."

ಗಾಳಿ ಜೋರಿತ್ತು. ಕಣ್ಣು ಒರೆಸಿಕೊಂಡೆ. ಆಮೇಲೆ ಕೇಳಿದೆ, "ಗೊತ್ತಿದ್ದರೆ ಮತ್ತೆ ನೀವು ಯಾಕೆ ಹೊರಟಿರಿ?"

ಅಕ್ಕ ಟೋಪಿ ಗಟ್ಟಿ ಮಾಡಿಕೊಂಡರು.

"ಇಂಡಿಯಾದ ಬ್ಯಾಗಿನ ಹಿಂದೆ ಹೊರಡಲು ನನಗೆ ಧೈರ್ಯ ಇರಲಿಲ್ಲ. ಇದು ನಮ್ಮೂರಿಗೆ ಹೊರಟ ಬ್ಯಾಗು. ಬಿಡುತ್ತೇನೆಯೇ?"