ಬ್ಯಾಂಕಾಕಿನಲ್ಲಿ ಸಾಕ್ಷಿಯಿಲ್ಲದ ಒಂದು ದಿನ

ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಕಾಲು ಒತ್ತಲು ನಾನು ಕೈ ಚಾಚಿದ್ದು ಒಂದೇ ಒಂದು ಸಲ. ಆ ಒಂದು ಒಳ್ಳೆಯ ಕೆಲಸಕ್ಕೆ ಇವತ್ತಿನವರೆಗೂ ಶಿಕ್ಷೆ ಅನುಭವಿಸುತ್ತಿದ್ದೇನೆ. ಕೆಟ್ಟದ್ದು ಮಾಡಿ ಸಿಕ್ಕಿಬಿದ್ದವನಿಗೆ ಒಂದು ಬಗೆಯ ನೆಮ್ಮದಿಯಾದರೂ ಇರುತ್ತದೆ; ಮಾಡಿದ್ದೆ, ಅನುಭವಿಸುತ್ತಿದ್ದೇನೆ ಎಂದು ಗೋಡೆ ಕಡೆ ತಿರುಗಿ ಮಲಗಬಹುದು. ಏನೂ ಮಾಡದೆ ಸಿಕ್ಕಿಬಿದ್ದವನ ಪಾಡು ಹಾಗಲ್ಲ. ಅವನು ವಿವರಣೆ ಕೊಡಲು ಹೋಗುತ್ತಾನೆ. ಕೊಟ್ಟಷ್ಟೂ ಒಳಕ್ಕೆ ಹೂತುಕೊಳ್ಳುತ್ತಾನೆ. ನಾನು ಈಗ ಕುತ್ತಿಗೆವರೆಗೆ ಹೂತಿದ್ದೇನೆ, ಅಲ್ಲಿಂದಲೇ ಇದನ್ನು ಹೇಳುತ್ತಿದ್ದೇನೆ.

ಗುಂಡ್ಲುಪೇಟೆಯಲ್ಲಿ ನನ್ನದೊಂದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಹೋದ ವರ್ಷ ಬೆಳೆಗೆ ಹೊಡೆಯುವ ಔಷಧಿಯ ಕಂಪನಿಯೊಂದು ಹೆಚ್ಚು ಮಾರಿದ ಡೀಲರುಗಳನ್ನೆಲ್ಲ ಬ್ಯಾಂಕಾಕಿಗೆ ಕರೆದುಕೊಂಡು ಹೋಗುತ್ತೇವೆಂದು ಹೇಳಿತು. ನಮ್ಮ ಕಡೆ ಕಾಶಿಗೆ ಹೋಗುತ್ತೇನೆ ಎಂದರೆ ಜನ ಕೈ ಮುಗಿಯುತ್ತಾರೆ. ತಿರುಪತಿ ಎಂದರೆ ಲಾಡು ತರಲು ಹೇಳುತ್ತಾರೆ. ಬ್ಯಾಂಕಾಕ್ ಎಂದರೆ ಮಾತ್ರ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನಗುತ್ತಾರೆ. ನನ್ನ ಅಂಗಡಿಗೆ ಯೂರಿಯಾ ಕೇಳಲು ಬಂದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕೂಡ, "ಓಗ್ಬಾ ಮಲ್ಲಪ್ಪ, ವಯಸ್ಸಿದ್ದಾಗ್ಲೇ ಓಗ್ಬರ್ಬೇಕು" ಎಂದು ಬೆನ್ನು ತಟ್ಟಿದರು. ನನಗೆ ಆಗಲೇ ಐವತ್ತಾರು.

ಹೆಂಡತಿಯನ್ನೂ ಕರೆತರಬಹುದು ಎಂದು ಕಂಪನಿಯವರು ಹೇಳಿದ್ದರು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದಿನ ಎಲ್ಲ ಅನರ್ಥಕ್ಕೂ ಇದೇ ಬುಡ. ನಾನು ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿದೆ. ನನ್ನಾಕೆಯ ಹೆಸರು ರಾಜಮ್ಮಣ್ಣಿ, ಮನೆಯಲ್ಲಿ ಅಮ್ಮಣ್ಣಿ. ತವರು ಚಾಮರಾಜನಗರದ ಹತ್ತಿರದ ಉಡಿಗಾಲ. ಅಲ್ಲಿಂದ ಗುಂಡ್ಲುಪೇಟೆಗೆ ಬಂದದ್ದೇ ಅವಳ ಜೀವನದ ದೊಡ್ಡ ಪ್ರಯಾಣ. ಪಾಸ್‌ಪೋರ್ಟಿಗೆ ಮದುವೆಯ ರೇಷ್ಮೆ ಸೀರೆ ಉಟ್ಟು ಹೊರಟಳು. ಫೋಟೋದಲ್ಲಿ ಮುಖವಷ್ಟೇ ಬರೋದು ಎಂದರೆ, "ಬರ್ದಿದ್ರೆ ಬುಡಿ, ನಂಗೊತ್ತಿರ್ತದಲ್ಲ" ಎಂದಳು. ವಿಚಾರಣೆಗೆ ಬಂದ ಪೊಲೀಸಪ್ಪನಿಗೆ ಕಾಫಿಯ ಜೊತೆ ಕೋಡುಬಳೆ ಕೊಟ್ಟು, "ಇಬ್ರೂ ಓಯ್ತಾ ಇದೀವಿ ಸ್ವಾಮಿ" ಎಂದು ಅವನು ಕೇಳದಿದ್ದರೂ ಹೇಳಿದಳು.

ಆಮೇಲೆ ಚಾಮರಾಜನಗರದ ಸಿದ್ಧರಾಜು ಫೋನು ಮಾಡಿದ. ಅವನೂ ನನ್ನಂತೆ ಗೊಬ್ಬರದ ಅಂಗಡಿಯವನು, ಹೈಸ್ಕೂಲಿನ ಗೆಳೆಯ. "ಬ್ಯಾಂಕಾಕ್ಗೆ ಎಂಡ್ರನ್ನ ಕರ್ಕೊಂಡು ಓಯ್ತಾರೇನ್ಲಾ? ಮದ್ವೆ ಊಟಕ್ಕೆ ಬುತ್ತಿ ಕಟ್ಕೊಂಡು ಓದಂಗೆ. ಎಲ್ಲಾ ನಗ್ತಾರೆ ಕಣ್ಲಾ" ಎಂದ. ನಗುವವರು ಯಾರು, ನಕ್ಕರೆ ನನಗೇನು ಎಂದು ಕೇಳುವ ಬುದ್ಧಿ ಆಗ ಬರಲಿಲ್ಲ. ಅವತ್ತು ಸಂಜೆ ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಾ, "ಹೆಂಗಸರಿಗೆ ಸೀಟಿಲ್ಲವಂತೆ ಅಮ್ಮಣ್ಣಿ, ಕಂಪನಿಯವರು ಹೇಳಿಬಿಟ್ಟರು" ಎಂದೆ. ಅವಳು ಸಾರು ಬಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ಅವ್ರೇನ್ ಮಾಡಾರು ಪಾಪ" ಎಂದಳು. ಮಾರನೆಯ ದಿನದಿಂದ ನನಗಾಗಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ನಿಪ್ಪಟ್ಟು ಮಾಡಲು ಕೂತಳು. ಅಲ್ಲಿ ಏನೇನು ತಿನ್ನುತ್ತಾರೋ, ನೀವು ಲಿಂಗ ಕಟ್ಟಿದವರು, ಉಪವಾಸ ಬೀಳಬಾರದು ಎಂದು. ಆ ಡಬ್ಬಿಗಳನ್ನು ಸೂಟ್‌ಕೇಸಿಗೆ ತುಂಬುವಾಗಲೂ ಬಾಯಿ ಬಿಟ್ಟು ನಿಜ ಹೇಳಬಹುದಾಗಿತ್ತು. ಜಿಪ್ಪು ಎಳೆದುಬಿಟ್ಟೆ.

ವಿಮಾನ ನಿಲ್ದಾಣದಲ್ಲಿ ನೋಡುತ್ತೇನೆ, ಕೊಳ್ಳೇಗಾಲದ ಇಬ್ಬರು ಡೀಲರುಗಳು ಹೆಂಡತಿಯರ ಸಮೇತ ಬಂದಿದ್ದಾರೆ. ಯಾರೂ ನಗಲಿಲ್ಲ. ಆ ಹೆಂಗಸರೇ ಎಲ್ಲರಿಗೂ ಚಕ್ಕುಲಿ ಹಂಚಿದರು, ಮೊದಲು ಕೈ ಚಾಚಿದವನು ಸಿದ್ಧರಾಜು.

ಮೂರು ದಿನ ಗುಂಪಿನಲ್ಲಿ ಬಸ್ಸು ಹತ್ತಿ ಇಳಿದೆವು. ಕೊನೆಯ ದಿನ ಎಲ್ಲರೂ ದೊಡ್ಡ ಶಾಪಿಂಗ್ ಮಾಲಿಗೆ ಹೊರಟಾಗ, ನಾನು ಒಬ್ಬನೇ ದೇವಸ್ಥಾನಕ್ಕೆ ಹೋಗಿ ಬರುತ್ತೇನೆ ಎಂದೆ. ಬಸ್ಸಿನ ತುಂಬ ನಗು. "ಓಗ್ಲಾ, ಯಾವ್ ದೇವಸ್ಥಾನ ಅಂತ ನಮ್ಗೂ ಗೊತ್ತು" ಎಂದ ಸಿದ್ಧರಾಜು. ಆಗ ನಾನೂ ನಕ್ಕೆ. ನಗಬಾರದಿತ್ತು, ಆ ನಗುವೇ ಆಮೇಲೆ ನನ್ನ ವಿರುದ್ಧ ಸಾಕ್ಷಿಯಾಯಿತು.

ಅಲ್ಲಿನ ಹೊಳೆಯಲ್ಲಿ ಬಸ್ಸಿನ ಹಾಗೆ ದೋಣಿ ಓಡುತ್ತದೆ. ಕಂಡಕ್ಟರಮ್ಮ ತಗಡಿನ ಉದ್ದ ಡಬ್ಬಿಯೊಂದನ್ನು ಕಟಕಟ ಆಡಿಸುತ್ತಾ ಟಿಕೆಟ್ ಕೇಳುತ್ತಾಳೆ. ನಾನು ಕಿಟಕಿ ಪಕ್ಕ ಕೂತೆ. ಗುಂಡ್ಲುಪೇಟೆಯಲ್ಲಿ ನಾನು ಹತ್ತು ಹೆಜ್ಜೆ ಇಟ್ಟರೆ ಹನ್ನೆರಡು ಜನ "ಎತ್ಲಾಗೆ ಒಂಟ್ರಿ?" ಎಂದು ಕೇಳುತ್ತಾರೆ. ಹಲ್ಲು ಕೀಳಿಸಲು ಹೊರಟರೂ ಹೇಳಿ ಹೋಗಬೇಕು. ಇಲ್ಲಿ ಕೇಳುವವರೇ ಇಲ್ಲ! ಅರ್ಧ ಗಂಟೆ ನಾನು ರಾಜನಾಗಿದ್ದೆ. ಆಮೇಲೆ ಹೊಳೆಯ ಗಾಳಿಗೆ ಎದುರು ಕೂತಿದ್ದ ಹೆಂಗಸೊಬ್ಬಳು ಗಂಡನ ಟೋಪಿ ಹಾರದಂತೆ ಹಿಡಿದುಕೊಂಡಳು. ನನ್ನ ಪಕ್ಕದ ಸೀಟು ಖಾಲಿ ಇತ್ತು. ಸೀಟಿಲ್ಲ ಅಂದಿದ್ದೆನಲ್ಲ, ಆ ಸೀಟು.

ದೋಣಿ ಇಳಿದರೆ ಹೂವಿನ ಮಾರುಕಟ್ಟೆ. ಒಳಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟೆ. ಎಲ್ಲಿ ನೋಡಿದರೂ ಚೆಂಡುಹೂವು! ನಮ್ಮೂರಿನ ಸುತ್ತ ಎಕರೆಗಟ್ಟಲೆ ಬೆಳೆದು ಕೇರಳಕ್ಕೆ ಲಾರಿ ತುಂಬುತ್ತಾರಲ್ಲ, ಅದೇ ಚೆಂಡುಹೂವು. ಸಮುದ್ರ ದಾಟಿ ಬಂದವನು ಬೇರೆ ಏನಾದರೂ ನೋಡಬೇಕೋ ಬೇಡವೋ? ಎರಡು ಗಂಟೆ ಅಲ್ಲೇ ಕಳೆದೆ. ಹೂವು ಬಿಡಿಸಿ ಎಸಳು ಎಣಿಸಿದೆ, ತೊಟ್ಟು ಮುರಿದು ನೋಡಿದೆ, ಯಾವ ಬೀಜ, ಏನು ಗೊಬ್ಬರ ಎಂದು ಕೈಸನ್ನೆಯಲ್ಲಿ ಕೇಳಿದೆ. ಮಾರುವವಳು ನನಗೆ ಹುಚ್ಚು ಎಂದುಕೊಂಡು ಒಂದು ಹಾರ ಬಿಟ್ಟಿ ಕೊಟ್ಟಳು. ಮೊಬೈಲಿನಲ್ಲಿ ನಲವತ್ತಕ್ಕೂ ಹೆಚ್ಚು ಫೋಟೋ ತೆಗೆದೆ, ಎಲ್ಲಾ ಚೆಂಡುಹೂವಿನದೇ.

ಅಲ್ಲಿಂದ ಮಲಗಿರುವ ಬುದ್ಧನ ದೇವಸ್ಥಾನ. ಬಂಗಾರದ ಬುದ್ಧ ಒಂದು ಬೀದಿಯಷ್ಟು ಉದ್ದಕ್ಕೆ ಒರಗಿದ್ದಾನೆ. ಜನ ಮುಖದ ಹತ್ತಿರ ನೂಕಾಡುತ್ತಿದ್ದರೆ ನಾನು ಪಾದದ ಹತ್ತಿರ ನಿಂತೆ. ಆಳೆತ್ತರದ ಪಾದಗಳು, ಅಂಗಾಲಿನ ತುಂಬ ಮುತ್ತಿನ ಚಿಪ್ಪಿನ ಕೆತ್ತನೆ. ಒಂದು ಬಿರುಕಿಲ್ಲ. ಅಮ್ಮಣ್ಣಿಯ ಹಿಮ್ಮಡಿ ನೆನಪಾಯಿತು. ಬೆಳಿಗ್ಗೆ ಮನೆಗೆಲಸ, ಆಮೇಲೆ ಅಂಗಡಿಯಲ್ಲಿ ನಿಂತು ಬೀಜ ತೂಗುವುದು, ಸಂಜೆ ಮತ್ತೆ ಒಲೆ. ಹಿಮ್ಮಡಿ ಒಡೆದು ನೆಲಕ್ಕೆ ಉಜ್ಜಿದರೆ ಸದ್ದು ಬರುತ್ತದೆ. ಆ ಸದ್ದಿನಿಂದಲೇ ಅವಳು ಬಂದಳೆಂದು ನನಗೆ ಗೊತ್ತಾಗುವುದು. ಅದು ನೋವಿನ ಸದ್ದು ಎಂದು ಮೂವತ್ತು ವರ್ಷ ಹೊಳೆಯಲೇ ಇಲ್ಲ.

ಹೊರಗೆ ಬಂದು ಮಾವಿನಹಣ್ಣು, ಅಂಟನ್ನ, ಮೇಲೆ ಕಾಯಿಹಾಲು ಸುರಿದದ್ದನ್ನು ತಿಂದೆ. ಮೂರು ದಿನ ಬರಿಯ ಅನ್ನಕ್ಕೆ ಗೊಜ್ಜು ಕಲಸಿಕೊಂಡಿದ್ದ ನಾಲಗೆ ಕುಣಿದಾಡಿತು. ಒಂದು ತಟ್ಟೆ ನನಗೆಂದು ತಿಂದೆ. ಇನ್ನೊಂದನ್ನು ಮಾವು ಎಂದರೆ ಪ್ರಾಣ ಬಿಡುವ ಅಮ್ಮಣ್ಣಿಯ ಲೆಕ್ಕದಲ್ಲಿ ತಿಂದೆ. ಹೆಂಡತಿಯ ಹೆಸರಿನಲ್ಲಿ ತಾನೇ ತಿನ್ನುವ ಗಂಡಂದಿರ ಸಂಘವೇನಾದರೂ ಇದ್ದರೆ ಅಧ್ಯಕ್ಷನಾಗಲು ನಾನು ಸಿದ್ಧ.

ಇನ್ನು ಮುಖ್ಯ ಆರೋಪಕ್ಕೆ ಬರುತ್ತೇನೆ. ಕಾಲು ಬಿದ್ದುಹೋಗುವಂತಿತ್ತು. ರಸ್ತೆ ಬದಿಯ ಒಂದು ಅಂಗಡಿಯಲ್ಲಿ ಸಾಲಾಗಿ ಕುರ್ಚಿ ಹಾಕಿ, ಹೊರಗಿನವರಿಗೂ ಕಾಣುವಂತೆ ಗಾಜಿನ ಹಿಂದೆ ಕಾಲು ಒತ್ತುತ್ತಿದ್ದರು. ಕಾಲು ಮಾತ್ರ. ಮೊಣಕಾಲಿನಿಂದ ಕೆಳಕ್ಕೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನಾನು ಕೂತೆ. ಒಳಗಿನಿಂದ ಒಬ್ಬ ಮುದುಕಿ ಬಂದರು. ನಮ್ಮವ್ವ ಇದ್ದಿದ್ದರೆ ಅಷ್ಟೇ ವಯಸ್ಸು. ನನ್ನ ಹಣೆಯ ವಿಭೂತಿ ನೋಡಿ ಕೈ ಜೋಡಿಸಿ ನಕ್ಕರು. ಆಮೇಲೆ ನೆಲದ ಮೇಲೆ ಕೂತು, ನನ್ನ ಪಾದಗಳನ್ನು ಬೋಗುಣಿಯಲ್ಲಿಟ್ಟು ನಿಂಬೆಹೋಳು ಹಾಕಿದ ಬೆಚ್ಚನೆಯ ನೀರಿನಲ್ಲಿ ತೊಳೆಯತೊಡಗಿದರು.

ನಮ್ಮ ಮನೆಗಳಲ್ಲಿ ಹೀಗೆ ಕುರ್ಚಿಯ ಮೇಲೆ ಕೂರಿಸಿ ಪಾದ ತೊಳೆಯುವುದು ಸ್ವಾಮಿಗಳು ಬಂದಾಗ ಮಾತ್ರ. ಚಿಕ್ಕವನಿದ್ದಾಗ ಅಪ್ಪ, ಅವ್ವ ಹಿತ್ತಾಳೆ ತಟ್ಟೆಯಲ್ಲಿ ಪಾದಪೂಜೆ ಮಾಡುವುದನ್ನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಈಗ ಕ್ರಿಮಿನಾಶಕ ಮಾರುವ ನಾನು ಸ್ವಾಮಿಗಳ ಜಾಗದಲ್ಲಿ ಕೂತಿದ್ದೇನೆ, ಅವ್ವನ ವಯಸ್ಸಿನವರು ಪಾದ ತೊಳೆಯುತ್ತಿದ್ದಾರೆ! ಶಿವನೇ, ಮೈಯೆಲ್ಲ ಮುಳ್ಳಾಯಿತು. ಅವರು ಹಸಿರು ಮುಲಾಮು ಹಚ್ಚಿ ಹಿಮ್ಮಡಿ ಒತ್ತಿದಾಗ ಕಣ್ಣಲ್ಲಿ ನೀರು ಬಂತು. ನೋವು ಎಂದುಕೊಂಡು ಮೆಲ್ಲಗೆ ಒತ್ತಿದರು. ಮುಗಿದ ಮೇಲೆ ನನಗೆ ತಡೆಯಲಾಗಲಿಲ್ಲ. ಕುರ್ಚಿಯಿಂದ ಇಳಿದು ಅವರ ಪಾದ ಮುಟ್ಟಿ ನಮಸ್ಕರಿಸಿದೆ. ಅವರು ಗಾಬರಿಯಾಗಿ ಕೂಗಿಕೊಂಡರು. ನಾನು ನೆಲದಲ್ಲಿ ಏನೋ ಹುಡುಕುತ್ತಿದ್ದೇನೆಂದು ತಿಳಿದು ಇನ್ನೊಬ್ಬಳು ಓಡಿಬಂದು ನನ್ನ ಚಪ್ಪಲಿ ಮುಂದಿಟ್ಟಳು. ಅಂಗಡಿಗೆ ಅಂಗಡಿಯೇ ನಕ್ಕಿತು. ಅಮ್ಮಣ್ಣಿಯ ಮೊಣಕಾಲಿಗೆಂದು ಅದೇ ಮುಲಾಮಿನ ಒಂದು ಶೀಷೆ ಕೊಂಡು ಹೊರಬಂದೆ. ಇಷ್ಟೇ ನಡೆದದ್ದು. ಆ ಮುದುಕಮ್ಮನ ಒಂದು ಫೋಟೋ ತೆಗೆದುಕೊಳ್ಳಬೇಕಿತ್ತು ಎಂಬುದು ಊರಿಗೆ ಬಂದ ಮೇಲೆ ಹೊಳೆಯಿತು.

ಊರಿಗೆ ಬಂದ ದಿನವೇ ಊಟವಾದ ಮೇಲೆ ಅಮ್ಮಣ್ಣಿ ಅಡುಗೆಮನೆ ಹೊಸ್ತಿಲ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದಳು. ನಾನು ಶೀಷೆ ಹಿಡಿದು ಎದುರು ಕುಕ್ಕರಿಸಿ, "ಕಾಲು ಕೊಡು" ಎಂದೆ. ಅವಳು ಹಾವು ಕಂಡವಳಂತೆ ಕಾಲು ಎಳೆದುಕೊಂಡಳು.

"ಶಿವಶಿವಾ! ಏನ್ ಮಾಡ್ಬುಟ್ಟು ಬಂದಿದ್ದೀರಿ ಅಲ್ಲಿ?"

"ಏನೂ ಇಲ್ಲ ಕಣೆ. ಇದನ್ನ ಹಚ್ಚಿದರೆ ಹಾಯಾಗುತ್ತೆ."

"ಆಯಾಗುತ್ತೆ ಅಂತ ನಿಮ್ಗೆಂಗ್ ಗೊತ್ತು?"

"ಅಲ್ಲಿ ನನಗೆ ಹಚ್ಚಿದರು."

"ಯಾರು?"

"ಒಬ್ಬ ಹೆಂಗಸು" ಎಂದುಬಿಟ್ಟೆ. ತಕ್ಷಣ, "ಮುದುಕಿ! ನಮ್ಮವ್ವನಷ್ಟು ವಯಸ್ಸು! ನಾನೇ ಕಾಲಿಗೆ ಬಿದ್ದೆ!" ಎಂದು ಕೂಗಿದೆ. ನಿಜವನ್ನು ಅಷ್ಟು ಜೋರಾಗಿ ಹೇಳಬಾರದು, ಸುಳ್ಳಿನಂತೆ ಕೇಳಿಸುತ್ತದೆ.

ಫೋನು ತೋರಿಸಿದೆ. ಒಂದೊಂದಾಗಿ ಸರಿಸಿ ನೋಡಿದಳು. ಚೆಂಡುಹೂವು, ಚೆಂಡುಹೂವು, ಮತ್ತೆ ಚೆಂಡುಹೂವು. "ಬ್ಯಾಂಕಾಕ್ಗೆ ಓಗಿ ಯಾರಾರಾ ಇದ್ರ ಫೋಟೋ ಇಡೀತಾರಾ? ಮಿಕ್ಕಿದ್ದೆಲ್ಲ ಅಳ್ಸಾಕ್ಬುಟ್ಟಿದ್ದೀರಿ" ಎಂದಳು. ಅಷ್ಟರಲ್ಲಿ ಡೀಲರುಗಳ ವಾಟ್ಸಾಪ್ ಗುಂಪಿನ ಫೋಟೋ ತೆರೆದುಕೊಂಡಿತು. ಸಾಲಾಗಿ ನಿಂತ ಗಂಡಸರು, ನಡುವೆ ಕೊಳ್ಳೇಗಾಲದ ಆ ಇಬ್ಬರು ಹೆಂಗಸರು, ಮುಡಿಯಲ್ಲಿ ಹೂವು. ಅಮ್ಮಣ್ಣಿ ಆ ಫೋಟೋವನ್ನು ಬಹಳ ಹೊತ್ತು ನೋಡಿದಳು. ಫೋನು ನನ್ನ ಕೈಗಿಟ್ಟು, ಹಿಮ್ಮಡಿ ಉಜ್ಜುತ್ತಾ ಒಳಗೆ ಹೋದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೀರು ತೆಗೆದ ಸದ್ದು ಕೇಳಿಸಿತು. ಮಾರನೆಯ ದಿನ ನೋಡಿದರೆ ರೇಷ್ಮೆ ಸೀರೆಯ ಕೆಳಗಿದ್ದ ಅವಳ ಪಾಸ್‌ಪೋರ್ಟು ಹಳೆಯ ಕರೆಂಟ್ ಬಿಲ್ಲುಗಳ ಜೊತೆ ಸೇರಿತ್ತು. ತೆಗೆದು ನೋಡಿದೆ. ನಗಬೇಡಿ ಎಂದು ಫೋಟೋದವನು ಹೇಳಿದ್ದಕ್ಕೆ ತುಟಿ ಬಿಗಿಹಿಡಿದಿದ್ದಾಳೆ, ಕಣ್ಣು ಮಾತ್ರ ಕೇಳಿಲ್ಲ. ಹಿಂದಿನ ಹಾಳೆಗಳೆಲ್ಲ ಖಾಲಿ. ಅಷ್ಟು ಖುಷಿಯಾಗಿದ್ದವಳಿಗೆ ಮುದ್ದೆ ಮುರಿಯುತ್ತಾ ಸುಳ್ಳು ಹೇಳಿದ್ದೆ.

ಸಿದ್ಧರಾಜುವಿನ ದೆಸೆಯಿಂದ ನನ್ನ ಒಂಟಿ ದಿನದ ಸುದ್ದಿ ಚಾಮರಾಜನಗರದಿಂದ ಗುಂಡ್ಲುಪೇಟೆವರೆಗೆ ಎಲ್ಲ ಅಂಗಡಿಗಳಿಗೂ ಮುಟ್ಟಿತ್ತು. ಗುಂಪಿನಲ್ಲಿ ಎಲ್ಲೆಲ್ಲೋ ತಿರುಗಿದವರಿಗೆ ಒಬ್ಬರಿಗೊಬ್ಬರು ಸಾಕ್ಷಿ ಇದ್ದರು. ದೇವಸ್ಥಾನಕ್ಕೆ ಹೋದವನಿಗೆ ಯಾರೂ ಇಲ್ಲ. ಹೋದ ವಾರ ಸಿದ್ಧರಾಜುವೇ ನಮ್ಮ ಅಂಗಡಿಗೆ ಬಂದು, ನಾಲ್ಕು ಜನ ರೈತರ ಮುಂದೆ ಶುರು ಮಾಡಿದ. "ಏನ್ಲಾ ಮಲ್ಲ, ಆ ದಿನ ಒಬ್ನೇ ಎಲ್ಲೋಗಿದ್ದೆ ಅಂತ ಇವ್ರಿಗೂ ಒಸಿ ಏಳ್ಲಾ."

ತಕ್ಕಡಿ ಹತ್ತಿರ ನಿಂತಿದ್ದ ಅಮ್ಮಣ್ಣಿ ತಲೆ ಎತ್ತಲಿಲ್ಲ. "ಅದ್ರಲ್ಲೇನೈತೆ ಸಿದ್ದರಾಜಣ್ಣ? ಚೆಂಡೂವಿನ್ ಮಾರ್ಕೆಟ್ಗೆ ಓಗಿದ್ರು. ಆಮ್ಯಾಕೆ ದೇವಸ್ಥಾನ. ಅಲ್ಲೊಬ್ರು ಮುದ್ಕವ್ವ ಕಾಲೊತ್ತುದ್ರು, ಇವ್ರು ಅವ್ರ ಕಾಲಿಗೇ ಬಿದ್ರು. ಫೋಟೋ ಅವೆ, ತೋರ್ಸನಾ?" ಎಂದಳು. ರೈತನೊಬ್ಬ ಚೆಂಡುಹೂವು ಅಲ್ಲಿ ಎಷ್ಟು ದಪ್ಪ ಬರುತ್ತದೆ ಎಂದು ಕೇಳಿದ. ಸಿದ್ಧರಾಜು ಕಾಫಿ ಕುಡಿದು ಹೋದ.

ನನಗೆ ಕುಣಿಯುವಷ್ಟು ಸಂತೋಷ. ಎಲ್ಲರೂ ಹೋದ ಮೇಲೆ ಹತ್ತಿರ ಹೋಗಿ, "ಅಂತೂ ನಂಬಿದೆಯಲ್ಲ ಅಮ್ಮಣ್ಣಿ" ಎಂದೆ.

"ನಂಬ್ದೆ ಅಂತ ಯಾರ್ ಏಳುದ್ರು? ನಾಕು ಜನ್ರ ಮುಂದೆ ನಿಮ್ ಮರ್ವಾದೆ ಓಗ್ಬಾರ್ದಲ್ಲ, ಅದ್ಕೆ ಸುಳ್ ಸಾಕ್ಷಿ ಏಳ್ದೆ. ನನ್ನೂ ಕರ್ಕೊಂಡೋಗಿದ್ರೆ ದಿಟ್ವಾದ್ ಸಾಕ್ಷೀನೇ ಏಳ್ತಿದ್ದೆ."

"ಅಯ್ಯೋ, ನೀನು ಹೇಳಿದ್ದೆಲ್ಲ ಅಕ್ಷರಶಃ ನಿಜ ಕಣೆ!"

ಅವಳು ತಕ್ಕಡಿ ಒರೆಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಸೀಟಿಲ್ಲ ಅಂದಾಗ್ಲೂ ಇದೇ ಮೊಖ ಮಾಡ್ಕೊಂಡಿದ್ರಿ" ಎಂದಳು.

ಒಳಗೆ ಹೋಗಿ ಕನ್ನಡಿಯಲ್ಲಿ ಆ ಮುಖ ನೋಡಿಕೊಂಡೆ. ವಿಭೂತಿ ನೆಟ್ಟಗಿತ್ತು. ಉಳಿದದ್ದನ್ನು ನಾನಾಗಿದ್ದರೂ ನಂಬುತ್ತಿರಲಿಲ್ಲ.