ಐದನೆಯ ಫೋನು

ಮಹಾಲಯ ಅಮಾವಾಸ್ಯೆಯೆಂದು ಮಧುಗಿರಿಯ ಸುತ್ತ ಯಾರೂ ನೇಗಿಲು ಕಟ್ಟಿರಲಿಲ್ಲ. ಆದರೆ ಕಡಲೆಕಾಯಿ ಬಿಡಿಸುವ ಕೆಲಸಕ್ಕೆ ಅಮಾವಾಸ್ಯೆಯಿಲ್ಲ. ಸಾಹುಕಾರ ಶಂಕರಲಿಂಗಪ್ಪನ ಹಿತ್ತಿಲಲ್ಲಿ ಹೆಂಗಸರು ಗುಡ್ಡೆ ಹಾಕಿಕೊಂಡು ಕೂತಿದ್ದರು. ಗುಮಾಸ್ತ ಸಿದ್ದಗಂಗಯ್ಯ ಚೀಲಗಳ ಬಾಯಿ ಹೊಲಿಸುತ್ತಿದ್ದ. ಅಷ್ಟರಲ್ಲಿ ಮಹಡಿಯಿಂದ, "ಸಿದ್ದಗಂಗಾ!"

ಇಪ್ಪತ್ತಮೂರು ಮೆಟ್ಟಿಲು. ಅವನ ಮೊಣಕಾಲುಗಳು ಎಣ್ಣೆ ಕಾಣದ ಗಾಡಿಯ ಅಚ್ಚಿನಂತೆ ಕಿರುಗುಟ್ಟಿದವು. ಬೆಳಗಿನಿಂದ ಇದು ಒಂಬತ್ತನೆಯ ಸಲ.

ಮಹಡಿಯಲ್ಲಿ ಸಿರಾದ ಎಲೆಕ್ಟ್ರಿಕ್ ಅಂಗಡಿಯ ಖಲೀಲುಲ್ಲಾ ಕೂತಿದ್ದ. ದೊಡ್ಡ ಮನೆಗಳಲ್ಲಿ ಒಳಗಿಂದೊಳಗೇ ಮಾತಾಡುವ ಫೋನು ತಂದಿದ್ದ. ಹಿಂದಿನ ದಿನವೇ ಐದು ಕಡೆ ತಂತಿ ಎಳೆದು, ಪರೀಕ್ಷೆ ಮಾಡಿ ನೋಡಿ ಎಂದು ಬಿಟ್ಟಿದ್ದ.

"ಸಾಹುಕಾರ್ರೇ, ಮೂರರ ಪೆಟ್ಟಿಗೆ ಆದ್ರೆ ಮಹಡಿ, ಅಡಿಗೆಮನೆ, ಕೊಟ್ಟಿಗೆ. ಐದರದ್ದಾದ್ರೆ ಕೆಳಗಿನ ಕೋಣೆಗೊಂದು, ಗುಮಾಸ್ತ್ರ ಮೇಜಿಗೊಂದು. ಹಿಡಿ ತಿರುವಿದ್ರೆ ಮುಗೀತು, ಕುಂತಲ್ಲೇ ಮಾತು."

"ಇವನಿಗ್ಯಾಕ್ರೀ ಫೋನು? ಕೂಗಿದ್ರೆ ಬತ್ತಾನಲ್ಲ," ಎಂದ ಶಂಕರಲಿಂಗಪ್ಪ.

"ಕಾಲು ನೋಯ್ತವೆ ಬುದ್ಧಿ," ಎಂದ ಸಿದ್ದಗಂಗಯ್ಯ.

"ಎತ್ತಿಗೂ ನೋಯ್ತವೆ ಕಣ್ಲಾ. ಅದೇನು ಫೋನು ಕೇಳ್ತದಾ? ಎಡೆ ಆಗ್ಲಿ, ಆಮೇಲೆ ಹೇಳ್ತೀನಿ, ಹೋಗು."

ಜಗಲಿಯ ಮೇಲೆ ಪಕ್ಕದ ಮನೆಯ ಬೈಲಪ್ಪ ಎಂದಿನಂತೆ ಕರೆಯದೆ ಬಂದು ಕೂತಿದ್ದ. ಎಲ್ಲ ಕೇಳಿಸಿಕೊಂಡು, ಇಳಿದು ಬಂದ ಸಿದ್ದಗಂಗಯ್ಯನಿಗೆ ಹೇಳಿದ: "ಸಾಹುಕಾರ ಅವರಪ್ಪ ಅಡವಯ್ಯನ ಮಾತೊಂದನ್ನೇ ಕಣಯ್ಯ ಕೇಳ್ತಿದ್ದದ್ದು. ಅಡವಯ್ಯ ಸತ್ತು ಒಂಬತ್ತು ವರ್ಸ ಆಯ್ತು. ಏನ್ಮಾಡ್ತೀಯ?"

ಏನು ಮಾಡಬಹುದೆಂಬುದು ಸಿದ್ದಗಂಗಯ್ಯನಿಗೆ ಆ ಕ್ಷಣವೇ ಹೊಳೆಯಿತು.

ಕೆಳಗಿನ ಕೋಣೆ ಅಡವಯ್ಯ ಪ್ರಾಣ ಬಿಟ್ಟ ಕೋಣೆ. ವರ್ಷಕ್ಕೊಮ್ಮೆ ಬೀಗ ತೆಗೆದು ಹಿರಿಯರಿಗೆ ಅಲ್ಲೇ ಎಡೆ ಇಟ್ಟು, ಬಾಗಿಲು ಮುಚ್ಚಿ, ಅವರು ಬಂದು ಉಂಡು ಹೋಗುವ ತನಕ ಮನೆಮಂದಿ ಪಡಸಾಲೆಯಲ್ಲಿ, ಸಾಹುಕಾರ ಮಹಡಿಯಲ್ಲಿ ಸದ್ದಿಲ್ಲದೆ ಕೂರುವುದು ವಾಡಿಕೆ. ಗುಡಿಸಿ ಸಾರಿಸಲೆಂದು ಹಿಂದಿನ ದಿನವೇ ಬೀಗ ತೆಗೆದಿದ್ದರು. ಹತ್ತೂವರೆಗೇ, ಯಾರೂ ಇಲ್ಲದಾಗ, ಸಿದ್ದಗಂಗಯ್ಯ ಒಳಗೆ ನುಗ್ಗಿ ಮಂಚದ ಕೆಳಗೆ ಮಲಗಿದ. ಮಹಡಿಯಿಂದ ಕೂಗು ಕೇಳಿಸಿದರೂ ಏಳಲಿಲ್ಲ.

ಮಧ್ಯಾಹ್ನ ಅಡವಯ್ಯನ ಸೊಸೆ ಅಶ್ವತ್ಥಮ್ಮ ಬಂದು ಎಲೆ ಹಾಕಿ, ಪಾಯಸ, ವಡೆ, ಹೊಸ ಪಂಚೆ, ಮಾವನ ಬೆಳ್ಳಿಯ ನಶ್ಯದ ಡಬ್ಬಿ ಇಟ್ಟು, ಕೈಮುಗಿದು ಬಾಗಿಲು ಎಳೆದುಕೊಂಡಳು.

ಕತ್ತಲೆ. ಒಂದೇ ದೀಪ. ಗೂಟದ ಮೇಲಿನ ಅಡವಯ್ಯನ ಪೇಟದ ನೆರಳು ಗೋಡೆಯ ಮೇಲೆ ತಲೆಯಾಡಿಸುತ್ತಿತ್ತು. ಸಿದ್ದಗಂಗಯ್ಯ ತೆವಳಿ ಹೊರಬಂದ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಕೈ ತಾನಾಗಿ ಎರಡು ವಡೆ ಎತ್ತಿತು. ಆಮೇಲೆ, ಅಡವಯ್ಯನ ಮೂಗಿನ ದನಿ ಬರಲೆಂದು, ಡಬ್ಬಿಯಿಂದ ಒಂದು ಚಿಟಿಕೆ ನಶ್ಯ ಏರಿಸಿದ.

ಗೂಡಿನಲ್ಲಿದ್ದ ಫೋನಿನ ಮುಳ್ಳನ್ನು ಮಹಡಿಯ ಗುರುತಿಗೆ ತಿರುಗಿಸಿ ಹಿಡಿ ಸುತ್ತಿದ. ಕಿವಿಯಲ್ಲಿ ಬಾವಿಯೊಳಗಿನ ಗಾಳಿಯಂಥ ಸದ್ದು. ಆಮೇಲೆ ಯಾರೋ ಎತ್ತಿಕೊಂಡರು.

"ಲೇ ಶಂಕ್ರಾ, ನಾನ್ಕಣ್ಲಾ, ನಿಮ್ಮಪ್ಪ," ಎಂದ ಸಿದ್ದಗಂಗಯ್ಯ ಮೂಗಿನಲ್ಲಿ. "ಐದರದ್ದೇ ತಗೋ. ಸಿದ್ದಗಂಗನ ಮೇಜಿಗೊಂದು ಇಕ್ಕು. ಪಾಪ, ಅವನ ಕಾಲು ಸವೆದೋಗವೆ."

ಆ ಕಡೆ ಮೂಗಿನ ಉಸಿರಾಟ. ಆಮೇಲೆ ನಿಧಾನವಾಗಿ ಒಂದು ದನಿ:

"ಆಗ್ಲಿ. ನನ್ನೆಲೇಲಿದ್ದ ಎರಡು ವಡೆ ಎಲ್ಲಿ ಹೋದ್ವಲಾ?"

ರಿಸೀವರು ಕೈಯಿಂದ ಜಾರಿತು. ಮುಚ್ಚಿದ ಕೋಣೆಯ ವಡೆ ಮಹಡಿಗೆ ಹೇಗೆ ಕಂಡಿತು? ಸಿದ್ದಗಂಗಯ್ಯ ಓತಿಕ್ಯಾತನಂತೆ ಮಂಚದಡಿಗೆ ಸರಿದ.

ಬಾಗಿಲು ತೆರೆಯಿತು. ಅಶ್ವತ್ಥಮ್ಮ ಎಲೆ ನೋಡಿ, "ಅಯ್ಯೋ, ಮಾವಯ್ಯ ವಡೆ ತಿಂದವ್ರೆ!" ಎಂದು ಕೂಗಿದಳು. ಅವಳ ಬೆನ್ನಿಗೇ ಬಂದ ಬೈಲಪ್ಪ, "ಹೋದ ವರ್ಸ ಮೂಸೂ ನೋಡಿರ್ಲಿಲ್ಲ ಕಣಮ್ಮ. ಈ ಸಲ ಉಪ್ಪು ಸರಿಯಾಗಿ ಬಿದ್ದದೆ," ಎಂದ. ಇಬ್ಬರೂ ಸುದ್ದಿ ಹೇಳಲು ಪಡಸಾಲೆಗೆ ಓಡಿದಾಗ ಸಿದ್ದಗಂಗಯ್ಯ ಹಿತ್ತಿಲ ಕಡೆಯಿಂದ ಜಾರಿಕೊಂಡು ಮಹಡಿ ಹತ್ತಿದ.

"ಎಲ್ಲಲಾ ಸತ್ತಿದ್ದೆ?" ಎಂದು ಗುಡುಗಿದ ಶಂಕರಲಿಂಗಪ್ಪ. "ಮೂರೋ ಐದೋ, ಎಡೆ ತನ್ಕ ಯಾಕೆ, ನಿನ್ನನ್ನೇ ಒಂದು ಮಾತು ಕೇಳಾನ ಅಂತ ಹನ್ನೊಂದು ಗಂಟೆಗೆ ಗಂಟಲು ಹರ್ಕಂಡೆ. ನೀನು ಬರ್ಲಿಲ್ಲ. ಮೂರೇ ಸಾಕು ಅಂದ್‌ಬುಟ್ಟೆ."

"ಈಗ... ಈಗ ಫೋನಿನಲ್ಲಿ ಯಾರಾದ್ರೂ ಮಾತಾಡಿದ್ರಾ ಬುದ್ಧಿ?"

ಖಲೀಲುಲ್ಲಾ ನಕ್ಕ. "ಅರೆ ಗುಮಾಸ್ತ್ರೇ, ಹನ್ನೊಂದಕ್ಕೇ ತಂತಿ ಎಲ್ಲಾ ಬಿಚ್ಚಿದೆ. ನೋಡಿ, ಬ್ಯಾಟರಿ ನನ್ನ ಚೀಲದಲ್ಲಿದೆ. ಕೆಳಗಿನ ಕೋಣೇದು ಒಂದೇ ಉಳಿದಿರೋದು. ಇವತ್ತು ಎಡೆ ಇಡೋ ಕೋಣೆ ಅಲ್ವಾ, ಒಳಗೆ ಹೋಗ್ಲಿಲ್ಲ. ತಂದ್‌ಕೊಡ್ತೀರಾ?"

ಸಿದ್ದಗಂಗಯ್ಯನ ಕಾಲುಗಳು ಆ ಕೆಲಸಕ್ಕೆ ಒಪ್ಪಲಿಲ್ಲ.

ಸಂಜೆ ಅವನು ಮನೆಗೆ ಹೋಗಿ, ಹೆಂಡತಿ ಲಕ್ಕಮ್ಮ ತಮ್ಮ ಹಿರಿಯರಿಗೆಂದು ಸುಟ್ಟಿದ್ದ ವಡೆಗಳಲ್ಲಿ ಎರಡನ್ನು ಎಲೆಯಲ್ಲಿ ಕಟ್ಟಿಸಿಕೊಂಡು ಬಂದು, ಅಡವಯ್ಯನ ಕೋಣೆಯ ಹೊಸ್ತಿಲ ಮೇಲಿಟ್ಟು, "ತೀರ್ತು ಬುದ್ಧಿ," ಎಂದು ಅಡ್ಡಬಿದ್ದ. ಎದ್ದು ನಾಲ್ಕು ಹೆಜ್ಜೆ ಹೋಗಿರಲಿಲ್ಲ.

"ಸಿದ್ದಗಂಗಾ!"

ಇಪ್ಪತ್ತಮೂರು ಮೆಟ್ಟಿಲು ಹತ್ತಿದ. ಶಂಕರಲಿಂಗಪ್ಪ ಎಲೆ ಅಡಿಕೆ ಮೆಲ್ಲುತ್ತಿದ್ದ.

"ನಾನೆಲ್ಲಲಾ ಕೂಗ್ದೆ?"

ಕೆಳಗಿನಿಂದ ಮತ್ತೆ ಕೂಗು ಬಂತು, ಮೂಗಿನಲ್ಲಿ. ಸಿದ್ದಗಂಗಯ್ಯ ಮೆಟ್ಟಿಲಿಳಿಯುತ್ತ ತನ್ನ ಮೂಗು ಒರೆಸಿಕೊಂಡ. ಆಗ ನೆನಪಾಯಿತು: ಒಂದು ಚಿಟಿಕೆ ನಶ್ಯ ಇನ್ನೂ ಬಾಕಿಯಿತ್ತು.